ಬುಧನನ್ನು ತೋರಿಸುತ್ತೇನೆ ಎಂದವರು

೧೭ ಅಕ್ಟೋಬರ್ ೧೯೨೭, ಸೋಮವಾರ

ದಂಡೋತಿಯ ತವರಿನಲ್ಲಿ ಅಪ್ಪ ನನಗೆ ಅಕ್ಷರ ಕಲಿಸಿದ್ದು ದೇವರ ಪುಸ್ತಕ ಓದಲಿ ಎಂದು, ಗಂಡನನ್ನು ಬೈದು ಬರೆಯಲಿ ಎಂದಲ್ಲ. ಏನು ಮಾಡಲಿ? ಬಾಯಿಬಿಟ್ಟು ಬೈದರೆ ಅರ್ಧ ವಾಡಿ ಊರಿಗೆ ಕೇಳುತ್ತದೆ. ಬೈಯದೆ ಇದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಅದಕ್ಕೇ ಇವತ್ತಿನಿಂದ ಈ ವಹಿ. ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಡುತ್ತೇನೆ. ರೊಟ್ಟಿ ತಾನಾಗಿಯೇ ತಾಟಿಗೆ ಬಂದು ಬೀಳುತ್ತದೆ ಎಂದು ನಂಬಿದ ಮನುಷ್ಯ ಅಲ್ಲಿಗೆ ಕೈ ಹಾಕುವ ಭಯವಿಲ್ಲ.

ಊರವರು ಆ ಮನುಷ್ಯನಿಗೆ ಮಡಿವಾಳಯ್ಯನೋರು ಎನ್ನುತ್ತಾರೆ. ನಾನು ಮನಸ್ಸಿನಲ್ಲಿ 'ಪಂಚಾಂಗ' ಎನ್ನುತ್ತೇನೆ. ಬೆಳಗಾದರೆ ಜೋಳಿಗೆ ಹೆಗಲಿಗೇರಿಸಿ ಮನೆಮನೆಗೆ ಹೋಗಿ ತಿಥಿ, ವಾರ, ನಕ್ಷತ್ರ ಹೇಳುವುದು, ಸಂಜೆ ಹನುಮಂತದೇವರ ಕಟ್ಟೆಯ ಮೇಲೆ ಕುಳಿತು ಯಾವ ಗ್ರಹ ಯಾರ ರಾಶಿಗೆ ಬಂತು, ಯಾರ ರಾಶಿ ಬಿಟ್ಟಿತು ಎಂದು ಓದುವುದು, ಇದು ಪಂಚಾಂಗದ ಕಾಯಕ. ಒಮ್ಮೆ ನಾನು, 'ಲಿಂಗ ಕಟ್ಟಿದವರಿಗೆ ಗ್ರಹ ಏನ್ ಮಾಡ್ತಾವ್ರಿ?' ಎಂದು ಕೇಳಿದ್ದೆ. 'ನಮಗೇನೂ ಮಾಡಂಗಿಲ್ಲ, ಕೇಳಾಕ ಬಂದವರಿಗೆ ಮಾಡ್ತಾವ' ಎಂದಿತ್ತು.

ಈ ವೈಶಾಖದಲ್ಲಿ ಕಲ್ಲಿನ ಗಣಿಯ ಮಾಣಿಕಪ್ಪನವರ ಮಗಳ ಮದುವೆಗೆ ಮುಹೂರ್ತ ಇಟ್ಟುಕೊಟ್ಟದ್ದು ಪಂಚಾಂಗವೇ. 'ಗುರು, ಶುಕ್ರ, ಬುಧ ಮೂವರೂ ಕೈಕಟ್ಟಿ ನಿಂತಾರ, ಒಂದು ಎಲೀ ಸೈತ ಅಲ್ಲಾಡಂಗಿಲ್ಲ' ಎಂದು ಕಟ್ಟೆಯ ಮೇಲೆ ಕೂಗಿ ಹೇಳಿತ್ತು. ಮೂವರೂ ಕೈಕಟ್ಟಿಯೇ ನಿಂತಿದ್ದರೋ ಏನೋ, ಗಾಳಿ ಮಾತ್ರ ನಿಲ್ಲಲಿಲ್ಲ. ಅಕ್ಷತೆ ಬೀಳುವ ಹೊತ್ತಿಗೆ ಸುಂಟರಗಾಳಿ ಎದ್ದು ಇಡೀ ಹಂದರವನ್ನು ಕಿತ್ತು ಒಯ್ದು ರೈಲಿನ ಹಳಿಯ ಮೇಲೆ ಹಾಕಿತು. ಮದ್ರಾಸಿನ ಮೇಲ್‌ಗಾಡಿ ಅರ್ಧ ತಾಸು ನಿಂತಿತು. ಗಾಡಿಯಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನಮ್ಮೂರ ಮದುವೆ ನೋಡಿದರು. ಅಂದಿನಿಂದ ಪಂಚಾಂಗ ಹೊರಗೆ ಬಿದ್ದರೆ ಸಾಕು, 'ಅಯ್ಯಾರ, ಇವತ್ತು ಮೇಲ್ ಹೊತ್ತಿಗೆ ಬರ್ತದೇನ್ರಿ?' ಎಂದು ಕೇಳದವರಿಲ್ಲ.

ಐದು ತಿಂಗಳಾಯಿತು. ಜೋಳಿಗೆ ಗೂಟದಲ್ಲಿದೆ, ಮನುಷ್ಯ ಪಡಸಾಲೆಯಲ್ಲಿದೆ. ಕಸ ಹೊಡೆದರೆ ದಿಕ್ಕು ಸರಿಯಿಲ್ಲ, ತಲೆಗೆ ಎಣ್ಣೆ ಹಚ್ಚಿದರೆ ವಾರ ಸರಿಯಿಲ್ಲ, ಚಿಂಚೋಳಿಗೆ ಹೋಗಿ ಮಗಳನ್ನು ನೋಡಿ ಬರುತ್ತೇನೆಂದರೆ ನನ್ನ ರಾಶಿಗೆ ಶನಿ ಸರಿಯಿಲ್ಲ. ಶನಿ ವೃಶ್ಚಿಕದಲ್ಲಿದ್ದಾನಂತೆ. ಅವನು ಎಲ್ಲಿಯಾದರೂ ಇರಲಿ, ನನ್ನ ಪಡಸಾಲೆಯಲ್ಲಿ ಇರುವುದು ಯಾರೆಂದು ನನಗೆ ಗೊತ್ತು.

೨೧ ಅಕ್ಟೋಬರ್, ಶುಕ್ರವಾರ

ಇವತ್ತು ಪಂಚಾಂಗ ಓಡಿತು! ಐವತ್ತು ವರ್ಷದ ಮನುಷ್ಯ ಧೋತರ ಎತ್ತಿ ಹಿಡಿದು ಸ್ಟೇಶನ್ನಿನಿಂದ ಮನೆಯವರೆಗೆ ಓಡಿ ಬಂದದ್ದನ್ನು ಓಣಿಯ ನಾಯಿಗಳೂ ಎದ್ದು ನಿಂತು ನೋಡಿದವು.

ಜನರ ಕಣ್ಣು ತಪ್ಪಿಸಿ ಸ್ಟೇಶನ್ನಿಗೆ ಹೋಗಿ ತಾರಬಾಬು ಬಾಬುಮಿಯಾನ ಹತ್ತಿರ ಕೂಡುವ ಚಾಳಿ ಈಚೆಗೆ ಹತ್ತಿದೆ. ಬಾಬುಮಿಯಾ ತಂತಿ ಸುದ್ದಿ ಕಳಿಸುತ್ತ ನಡುನಡುವೆ ಹೈದರಾಬಾದಿನ ಉರ್ದೂ ಅಖಬಾರು ಓದಿ ಹೇಳುತ್ತಾನೆ. ಇವತ್ತು ಓದಿದ್ದೇನೆಂದರೆ, ನವೆಂಬರ್ ಹತ್ತರಂದು ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಎರಡರ ತನಕ ಅತಾರಿದ್ ಎಂಬ ಗ್ರಹ ಸೂರ್ಯನ ಮುಖದ ಮೇಲೆ ಹಾದುಹೋಗುತ್ತದೆ.

'ಅತಾರಿದ್ ಅಂದ್ರ ಬುಧ! ಏ, ಕೇಳಾಕತ್ತಿ? ನಮ್ಮ ಬುಧ!'

'ಹೋಗಲಿ ಬಿಡ್ರಿ, ಅವನ ದಾರಿ ಅವಂಗ' ಎಂದೆ.

ಬಿಡುವ ಪೈಕಿಯೇ? ಒಲೆಯ ಮುಂದೆ ನನ್ನನ್ನು ಕೂಡ್ರಿಸಿ, ಒಲೆಯ ಕೆಂಡ ಸೂರ್ಯ, ನೀನು ಭೂಮಿ ಎಂದು, ಸಾಸಿವೆ ಡಬ್ಬಿಯನ್ನು ಬುಧ ಮಾಡಿಕೊಂಡು ನಡುವೆ ಹಾದು ತೋರಿಸಿತು. 'ಮೂವತ್ತು ವರ್ಷ ಆತು, ಬುಧ ಅಸ್ತ, ಬುಧ ಅಸ್ತ ಅಂತ ಓದ್ಕೋತ ಬಂದೀನಿ. ಅಸ್ತ ಆದಾಂವ ಎಲ್ಲಿ ಹೋಗಿ ಕುಂದರ್ತಾನ ಅಂತ ಯಾರರ ಕೇಳ್ಯಾರೇನು? ಎಲ್ಲೂ ಹೋಗಂಗಿಲ್ಲ. ಸೂರ್ಯನ ಬೆಳಕಿನ್ಯಾಗ ಮುಳುಗಿರ್ತಾನ. ಆ ದಿನ ಸೂರ್ಯನ ಮಾರಿ ಮ್ಯಾಲೇ ಕರ್ರಗ ಕಾಣ್ತಾನ!'

ಒಲೆಯ ಮೇಲಿನ ಬೇಳೆ ತಳ ಹಿಡಿಯಿತು. ಭೂಮಿ ಎದ್ದು ಸೂರ್ಯನಿಗೆ ಒಂದು ತಂಬಿಗೆ ನೀರು ಹಾಕಿತು. ಪಂಚಾಂಗ ಮಾತ್ರ ಆ ಹೊತ್ತಿದ ಬೇಳೆಯಲ್ಲಿಯೇ ಮೂರು ರೊಟ್ಟಿ ತಿಂದಿತು.

೨೬ ಅಕ್ಟೋಬರ್, ಬುಧವಾರ, ಪಾಡ್ಯ

ಹಬ್ಬದ ದಿನ ಕಟ್ಟೆಯಲ್ಲಿ ಊರೆಲ್ಲ ಕೂಡಿರುತ್ತದೆ. ಪಂಚಾಂಗ ಐದು ತಿಂಗಳ ಮೇಲೆ ಅಲ್ಲಿಗೆ ಹತ್ತಿತು. ನಾನು ಹೆಂಗಸರ ಜೊತೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಯಾರೋ ಮೇಲ್‌ಗಾಡಿಯ ಮಾತು ತೆಗೆಯುವಷ್ಟರಲ್ಲಿ ಇದರ ದನಿ ಎದ್ದಿತು: 'ಇವತ್ತಿಗೆ ಹದಿನೈದನೇ ದಿನ, ಗುರುವಾರ, ಗ್ರಹ ಸೂರ್ಯನ ದಾಟತದ. ಗ್ರಹ ಅಂದ್ರ ಪುಸ್ತಕದಾಗ ಇರೂದಷ್ಟೇ ಅನ್ನವರಿಗೆಲ್ಲ ನಾ ಅಂದು ತೋರಸ್ತೀನಿ. ಮಸಿ ಹಿಡಿಸಿದ ಕಂದೀಲಿನ ಕಾಜು ಅಡ್ಡ ಹಿಡದು ನಿಮ್ಮ ಕಣ್ಣಿಲೇ ನೋಡ್ರಿ.'

ಮಾಣಿಕಪ್ಪನವರದು ಮಾತು ಕಡಿಮೆ, ಮರೆಯುವುದಂತೂ ಇಲ್ಲ. 'ಕಾಣಲಿಲ್ಲಂದ್ರ ಏನ್ರಿ ಅಯ್ಯಾರ?' ಎಂದರು.

'ಕಾಣಲಿಲ್ಲಂದ್ರ ಪಂಚಾಂಗ ಕಾಗಿಣಾ ಹೊಳಿಗೆ ಬಿಟ್ಟು ಶ್ರೀಶೈಲಕ್ಕ ಹೋಗ್ತೀನಿ. ಹೊಳ್ಳಿ ಬರಂಗಿಲ್ಲ!'

ಅದಕ್ಕೆ ಮಾಣಿಕಪ್ಪನವರು, 'ಅವತ್ತು ಗಣಿಗೆ ಸೂಟಿ. ಎಲ್ಲಾರೂ ಬಂದು ನೋಡ್ರಿ' ಎಂದರು. ಎಲ್ಲರಿಗೂ ಖುಷಿ. ಬುಧ ಬಂದರೂ ತಮಾಷೆ, ಬಾರದಿದ್ದರೂ ತಮಾಷೆ.

ಮನೆಗೆ ಬಂದ ಮೇಲೆ ನಾನು, 'ಹೋಗೂದಿದ್ರ ಹೋಗ್ರಿ, ಕಂಬಳಿ ಬಿಟ್ಟು ಹೋಗ್ರಿ. ಚಳಿ ಬರಾಕತ್ತದ' ಎಂದೆ. ಹೇಳಿ ಭಾಳ ಸಮಾಧಾನವಾಯಿತು. ಹದಿನೈದು ದಿನ ಕಳೆದರೆ ಪಡಸಾಲೆ ನನ್ನದು.

೩೦ ಅಕ್ಟೋಬರ್, ರವಿವಾರ

ಮನೆಯೆಲ್ಲ ಮಸಿ. ಬಾಬುಮಿಯಾ ಸ್ಟೇಶನ್ನಿನ ಒಡೆದ ಕಂದೀಲುಗಳ ಕಾಜು ಒಂದು ಬುಟ್ಟಿ ಕಳಿಸಿದ್ದಾನೆ. ಅವನ್ನು ಚಿಮಣಿಯ ಹೊಗೆಗೆ ಹಿಡಿದು ಕರಿ ಮಾಡುವುದು ಇಬ್ಬರದೂ ಕೆಲಸ. ನನ್ನ ಮೂಗು ಕರಿ, ಪಂಚಾಂಗದ ವಿಭೂತಿಯೂ ಕರಿ.

ಮಧ್ಯಾಹ್ನ ಇವರು ಲೆಕ್ಕಕ್ಕೆ ಕುಳಿತರು. ರೈಲಿನ ಗಂಟೆಯನ್ನು ಘಳಿಗೆ ಮಾಡಬೇಕು. ಸೂರ್ಯ ಹುಟ್ಟಿದ ಮೇಲೆ ಎಷ್ಟು ಘಳಿಗೆಗೆ ಬುಧ ತಾಗುತ್ತಾನೆ ಎಂದು ತೆಗೆಯುತ್ತಿದ್ದರು. ಸೂರ್ಯೋದಯ ಆರು ಗಂಟೆ ಎಂದು ಹಿಡಿದುಬಿಟ್ಟಿದ್ದರು. ನಾನು ಕಾಜು ಒರೆಸುತ್ತಲೇ, 'ಪುಸ್ತಕದ ಆರಕ್ಕ ಹುಟ್ಟತಾನೋ ಏನೋ. ಸ್ಟೇಶನ್ ಗಡಿಯಾರದಾಗ ಆರೂ ಕಾಲರ ಗಾಡಿ ಹೋದ ಮ್ಯಾಲೇ ಬರ್ತಾನ. ದಿನಾ ನೀರಿಗೆ ಹೋಗಾಕಿ ನಾನು' ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಬರೆದದ್ದನ್ನು ಹೊಡೆದು ಹಾಕಿ ಬೇರೆ ಬರೆದರು. ಐದು ಘಳಿಗೆಯ ಮೇಲೆ ಸ್ವಲ್ಪ ಬಂತು. 'ಇನ್ನೊಮ್ಮೆ ಕೂಡಿಸಿ ಹೇಳು' ಎಂದು ನನಗೇ ಕೊಟ್ಟರು. ಕೂಡಿಸಿ ಹೇಳಿದೆ. ಸರಿಯಾಗಿತ್ತು.

ಆಮೇಲೆ ಹನ್ನೆರಡು ರಾಶಿಗೂ ಬುಧನ ಫಲ ಬರೆದು, ದೊಡ್ಡ ದನಿಯಲ್ಲಿ ಓದಿ ರೂಢಿ ಮಾಡಿಕೊಂಡರು. ಮಿಥುನಕ್ಕೆ ವ್ಯಾಪಾರ ಕಷ್ಟ, ಕನ್ಯೆಗೆ ಮಾತಿನಲ್ಲಿ ಜಗಳ. ನನ್ನದು ಕನ್ಯಾ ರಾಶಿ. 'ಅದಕ್ಕ ಬುಧ ಬ್ಯಾರೆ ಬರಬೇಕೇನ್ರಿ?' ಎಂದೆ. ನಕ್ಕುಬಿಟ್ಟರು. ಈ ಮನುಷ್ಯನಿಗೆ ನಗಲು ಬರುತ್ತದೆ ಎಂಬುದು ಮರೆತೇ ಹೋಗಿತ್ತು.

೪ ನವೆಂಬರ್, ಶುಕ್ರವಾರ

ಎವ್ವಾ, ಏನು ಮಾಡಲಿ?

ಬಾಬುಮಿಯಾನ ಮನೆಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕೊಡಲು ಹೋಗಿದ್ದೆ. ಅವನ ಹೆಂಡತಿ ನೂರಜಹಾನ್ ಕೂಡ್ರಿಸಿ ಮಾತಾಡಿಸಿದಳು. ಬಾಬುಮಿಯಾ ಪಾಳಿ ಮುಗಿಸಿ ಬಂದವನು, 'ಅಮ್ಮಾ, ಅಯ್ಯಾರ ತಯಾರಿ ಹ್ಯಾಂಗ ನಡದದ? ದೂರಬೀನ್ ಒರಸಿಟ್ಟಾರೇನು?' ಎಂದು ಕೇಳಿದ.

'ಯಾವ ದೂರಬೀನು?'

'ಅಖಬಾರದಾಗ ಬರದಿತ್ತಲ್ರಿ, ದೂರಬೀನ್ ಇಲ್ಲದ ಕಾಣಂಗಿಲ್ಲ ಅಂತ. ಅತಾರಿದ್ ಭಾಳ ಸಣ್ಣದದ. ಬರೇ ಕಣ್ಣಿಗಿ, ಕರೀ ಕಾಜಿಗಿ ಸಿಗಂಗಿಲ್ಲ.'

'ಇದನ್ನ ಅವರಿಗೆ ಹೇಳಿಲ್ಲೇನಪಾ?'

'ನಾ ಮುಂದಿನ ನಾಕು ಸಾಲು ಓದೂದ್ರಾಗೇ ಎದ್ದು ಓಡಿಬಿಟ್ರಲ್ರಿ! ಗ್ರಹದ ಮಂದಿ, ಮನ್ಯಾಗ ದೂರಬೀನ್ ಇರ್ತದ ಬಿಡು ಅಂತ ನಾ ತಿಳ್ಕೊಂಡೆ.'

ಪೂರ್ತಿ ಕೇಳುವ ತಾಳ್ಮೆ ಆ 'ನಮ್ಮ ಪಂಚಾಂಗ'ಕ್ಕೆ ಯಾವ ಜನ್ಮದಲ್ಲಿತ್ತು! ಮನೆಗೆ ಬಂದರೆ ಅಂಗಳದ ತುಂಬ ಕರಿ ಕಾಜು ಒಣಗಲು ಇಟ್ಟಿದ್ದರು. ಒಂದೊಂದಕ್ಕೂ ಕೈ ಕೊಯ್ಯದಿರಲೆಂದು ಅಂಚಿಗೆ ಕಾಗದ ಅಂಟಿಸುತ್ತಿದ್ದರು. ಅಂಟು ಬೆರಳಿಗೆಲ್ಲ ಮೆತ್ತಿಕೊಂಡಿತ್ತು.

೫ ನವೆಂಬರ್, ಶನಿವಾರ

ಹೇಳಲಿಲ್ಲ. ಊಟಕ್ಕೆ ಕುಳಿತಾಗ ಹೇಳಬೇಕೆಂದಿದ್ದೆ. ಹಾಡಿಕೊಳ್ಳುತ್ತ ಉಣ್ಣುತ್ತಿದ್ದರು. ಆ ಹಾಡಿಗೆ ಧಾಟಿಯೂ ಇಲ್ಲ, ಪಾಟಿಯೂ ಇಲ್ಲ. ಆದರೂ ಹೇಳಲಿಲ್ಲ.

೭ ನವೆಂಬರ್, ಸೋಮವಾರ

ವಾಡಿಯಲ್ಲಿ ದೂರಬೀನು ಇರುವುದು ಒಬ್ಬನ ಹತ್ತಿರ. ಎರಡು ಓಣಿ ಆಚೆಯ ಗನಿಸಾಬ. ದೊಡ್ಡ ಲಡಾಯಿಗೆ ಸಿಪಾಯಿಯಾಗಿ ಹೋಗಿ ಬರುವಾಗ ಹಿತ್ತಾಳೆಯದೊಂದು ತಂದಿದ್ದಾನೆ. ಅದರಲ್ಲಿ ತಾನು ಸಾಕಿದ ಪಾರಿವಾಳಗಳು, ಅವನ ಮಾತಿನಲ್ಲಿ ಕಬೂತರಗಳು, ಶಹಾಬಾದದ ಕಡೆ ಎಷ್ಟು ದೂರ ಹಾರಿದವು ಎಂದು ನೋಡುತ್ತಾನೆ. ಆದರೆ ಮೂರು ವರ್ಷದಿಂದ ಅವನಿಗೂ ನಮಗೂ ಮಾತಿಲ್ಲ.

ಯಾಕೆಂದರೆ ಅವನ ಬಿಳಿ ಕಬೂತರ ಒಂದು ನಮ್ಮ ಮಾಳಿಗೆಯ ಮೇಲೆ ರೆಕ್ಕೆ ಮುರಿದುಕೊಂಡಿತು. ಯಾಕೆ ಮುರಿಯಿತು ಎಂಬುದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಒಣಹಾಕಿದ ಜೋಳಕ್ಕೆ ಹಿಂಡು ಇಳಿದಿತ್ತು, ಕೈಗೆ ಫರಸಿ ಕಲ್ಲಿನ ಚೂರು ಸಿಕ್ಕಿತು, ಸಿಟ್ಟಿನಲ್ಲಿ ಬೀಸಿದೆ. ತಾಗುತ್ತದೆಂದು ಎಣಿಸಿರಲಿಲ್ಲ. ಹೆದರಿ ಕೆಳಗಿಳಿದು ರೊಟ್ಟಿ ಬಡಿಯುತ್ತ ಕುಳಿತೆ. ಆಮೇಲೆ ಹಕ್ಕಿ ಕಾಣಲಿಲ್ಲ. ಬೆಕ್ಕು ಒಯ್ದಿರಬೇಕು, ಅವನು ನಮ್ಮ ಮೇಲೆ ಗುಮಾನಿಯಿಂದ ಮಾತು ಬಿಟ್ಟಿರಬೇಕು ಎಂದುಕೊಂಡೆ.

ಇವತ್ತು ಸೆರಗು ಬಿಗಿ ಮಾಡಿ ಗನಿಸಾಬನ ಅಂಗಳಕ್ಕೆ ಹೋದೆ. ಅವನು ಹಕ್ಕಿಗಳಿಗೆ ಸಜ್ಜೆ ಚೆಲ್ಲುತ್ತಿದ್ದ. ಮನೆಗೆ ಬಂದವಳೆಂದು 'ಬರ್ರಿ ಅವ್ವಾರ, ಕುಂದ್ರಿ' ಎಂದ. ದೂರಬೀನಿನ ಮಾತು ತೆಗೆದದ್ದೇ ಮುಖ ಬಿಗಿಯಿತು.

'ಕೊಡಂಗಿಲ್ರಿ. ಅಯ್ಯಾರು ನನ್ನ ಕಬೂತರದ ರೆಕ್ಕಿ ಮುರದಾರ.'

'ಅವರೇ ಮುರದಾರ ಅಂತ ನಿನಗ್ಯಾರು ಹೇಳಿದ್ರಪಾ?'

'ಬ್ಯಾರೆ ಯಾರು ಹೇಳಬೇಕ್ರಿ? ಅವರೇ ಹೇಳ್ಯಾರ. ಹಕ್ಕೀನ ಧೋತರದ ಚುಂಗಿನ್ಯಾಗ ಸುತ್ತಿಕೊಂಡು ಇಲ್ಲೇ ಬಂದು ನಿಂತ್ರು. ಗನಿಸಾಬ, ನಾ ಕಲ್ಲು ಒಗದೆ, ತಪ್ಪಾತು ಅಂದ್ರು. ನಾ ಬಾಯಿಗೆ ಬಂದಂಗ ಬೈದೆ. ತೆಳಗ ಮಾರಿ ಹಾಕಿ ಎಲ್ಲಾ ಕೇಳಿಸ್ಕೊಂಡು ಹೋದ್ರು.'

ಅಂದು ಅವರು ಮಾಳಿಗೆಯ ಮೆಟ್ಟಿಲಲ್ಲಿ ಇದ್ದರೇ? ನೋಡಿದ್ದರೇ? ಈ ಮೂರು ವರ್ಷದಲ್ಲಿ ನಾನು ಎಷ್ಟು ಬೈದಿದ್ದೇನೆ, ಹಾಲು ಉಕ್ಕಿಸಿದ್ದಕ್ಕೆ, ಕೊಡ ಒಡೆದದ್ದಕ್ಕೆ, ಸುಮ್ಮನೆ ಕುಳಿತದ್ದಕ್ಕೆ. ಒಂದು ದಿನವಾದರೂ ತಿರುಗಿ 'ನೀನು ಹಕ್ಕಿಗೆ ಹೊಡೆದವಳು' ಎಂದು ಅನ್ನಲಿಲ್ಲ. ಎಂಥ ಮನುಷ್ಯನಪ್ಪಾ! ನಾಚಿಕೆಯೂ ಬಂತು, ಅಳುವೂ ಬಂತು.

'ಗನಿಸಾಬ, ಹೊಡದಾಕಿ ನಾನು. ಅವರು ಸುಳ್ಳು ಹೇಳ್ಯಾರ' ಎಂದೆ.

ಗನಿಸಾಬ ಸಜ್ಜೆಯ ಬಟ್ಟಲು ಕೆಳಗಿಟ್ಟ. 'ಮೂರು ವರ್ಷ ಅವರು ಎದುರಿಗೆ ಬಂದಾಗೊಮ್ಮೆ ಕೈ ಎತ್ತಿ ಶರಣು ಅಂದಾರ್ರಿ. ಒಂದಕ್ಕೂ ನಾ ಜವಾಬ ಕೊಟ್ಟಿಲ್ಲ' ಎಂದ. ಆಮೇಲೆ ಎದ್ದು ಒಳಗಿನಿಂದ ಒಂದು ಚರ್ಮದ ಚೀಲ ತಂದ. 'ಇದನ್ನ ಮಂದಿ ಕೈಯಾಗ ಕೊಡಂಗಿಲ್ಲ. ನಾನೇ ಬರ್ತೀನಿ. ಖರೇ, ಇದರಾಗ ಸೂರ್ಯನ್ನ ನೇರ ನೋಡಬಾರದು. ಲಡಾಯಿದಾಗ ನಮ್ಮ ಸಂಗಾತಿ ಒಬ್ಬಾಂವ ನೋಡಿ ಕಣ್ಣು ಕಳ್ಕೊಂಡ. ಬೆಳಕು ಅರಿವಿ ಮ್ಯಾಲ ಬೀಳಸ್ಬೇಕು.'

ಕತ್ತಲೆಯ ಕೋಣೆ ಬೇಕಂತೆ, ಪೂರ್ವಕ್ಕೆ ಕಿಟಕಿ ಬೇಕಂತೆ. ನಮ್ಮ ಕಾಳಿನ ಕೋಣೆ ಆಗುತ್ತದೆ.

೯ ನವೆಂಬರ್, ಬುಧವಾರ, ಹುಣ್ಣಿಮೆ

ಹೇಳಿದೆ. ಬರಿಗಣ್ಣಿಗೆ ಬುಧ ಕಾಣುವುದಿಲ್ಲ ಎಂಬುದನ್ನು ಐದು ದಿನ ನುಂಗಿಕೊಂಡಿದ್ದು ಸಾಕಾಯಿತು.

ಅವರು ಬೈಯಲಿಲ್ಲ, ಬಾಬುಮಿಯಾನನ್ನೂ ಬೈಯಲಿಲ್ಲ. ಕೈಯಲ್ಲಿದ್ದ ಕಾಜನ್ನು ಬುಟ್ಟಿಗೆ ಹಾಕಿದರು. ಗೂಟದಿಂದ ಜೋಳಿಗೆ ತೆಗೆದು ಒಗೆದಿಟ್ಟ ಧೋತರ, ವಿಭೂತಿ ಗಟ್ಟಿ, ಪಂಚಾಂಗ ಒಳಗಿಟ್ಟು ಬಾಯಿ ಕಟ್ಟಿದರು. 'ನಾಳಿಗಿ ಮಂದಿ ಮುಂದ ನಿಂತು, ನಾ ಹೇಳಿದ್ದು ತಪ್ಪು ಅಂತ ಹೇಳಿ, ಹಂಗೇ ಗಾಡಿ ಹತ್ತತೀನಿ' ಎಂದರು.

'ಗನಿಸಾಬ ದೂರಬೀನ್ ತರ್ತಾನ್ರಿ.'

'ನನ್ನ ಸಲುವಾಗಿ ಅಂವ ಬರಂಗಿಲ್ಲ.'

'ಬರ್ತಾನ. ಹಕ್ಕಿಗೆ ಹೊಡದಾಕಿ ನಾನು ಅಂತ ಹೇಳಿ ಬಂದೀನಿ.'

ಅವರು ಕತ್ತೆತ್ತಿ ನೋಡಿದರು. 'ಯಾಕ ಹೇಳಿದಿ? ಅದು ಮುಗದ ಮಾತಾಗಿತ್ತು.'

'ನೀವು ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ?'

'ನನಗ ಬೈಸ್ಕೊಂಡು ರೂಢಿ ಅದ. ನಿನಗಿಲ್ಲ.'

ಅದನ್ನು ಚೇಷ್ಟೆಗೆ ಅನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಒಳಗೆ ಹೋಗಿ ಹಿಟ್ಟು ನಾದಿದೆ. ಇವತ್ತಿನ ರೊಟ್ಟಿಗೆ ಉಪ್ಪು ಹಾಕುವುದೇ ಬೇಕಿರಲಿಲ್ಲ, ಅಷ್ಟು ಕಣ್ಣೀರು.

ಗಂಟು ಮಾತ್ರ ಬಿಚ್ಚಲೊಲ್ಲರು. ದೂರಬೀನಿನಲ್ಲಿಯೂ ಕಾಣದಿದ್ದರೆ, ಮೋಡ ಬಂದರೆ, ಕೊಟ್ಟ ಮಾತು ಮಾತೇ ಎನ್ನುತ್ತಾರೆ. ಸಂಜೆ ಎರಡು ಸಲ ಹೊರಗೆ ಹೋಗಿ ಆಕಾಶ ನೋಡಿದೆ. ಪಡುವಣಕ್ಕೆ ಒಂದು ತುಂಡು ಮೋಡವಿದೆ. ಅದರ ಮನೆ ಹಾಳಾಗಲಿ. ನೀವು ಹೋಗುವುದಾದರೆ ನಾನೂ ಬರುತ್ತೇನೆ ಎಂದು ಬಾಯಿಗೆ ಬಂದಿತ್ತು, ಹೇಳಲಿಲ್ಲ.

೧೦ ನವೆಂಬರ್, ಗುರುವಾರ

ಎಲ್ಲವನ್ನೂ ಇವತ್ತೇ ಬರೆದುಬಿಡುತ್ತೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಮೋಡ ಇರಲಿಲ್ಲ. ಎಂಟಕ್ಕೇ ಕಟ್ಟೆಯ ಸುತ್ತ ನಿಲ್ಲಲು ಜಾಗವಿಲ್ಲ. ಗಣಿಯವರು, ಸ್ಟೇಶನ್ನಿನ ಹಮಾಲರು, ಗ್ರಹಣವೆಂದು ತಿಳಿದು ಉಪವಾಸ ಬಂದ ಮುದುಕಿಯರು, ಗ್ರಹಣದಲ್ಲಿ ನಿಲ್ಲುವಂತೆ ಒನಕೆ ನೆಟ್ಟಗೆ ನಿಲ್ಲುತ್ತದೋ ನೋಡೋಣವೆಂದು ತಾಟಿನಲ್ಲಿ ನೀರು ಹಾಕಿ ಒನಕೆ ಹಿಡಿದು ಕುಳಿತವರು. ಬಾಬುಮಿಯಾ ಸ್ಟೇಶನ್ನಿನ ಗಡಿಯಾರ ನೋಡಿ ಬಂದು, 'ಎಂಟೂ ಮೂವತ್ತೆರಡು!' ಎಂದು ಕೂಗಿದ. ಎಲ್ಲರೂ ಕಾಜು ಎತ್ತಿದರು.

'ಕಾಜು ಇಳಸ್ರಿ' ಎಂದರು ಇವರು. ಹೆಗಲಲ್ಲಿ ಗಂಟು ಇತ್ತು. 'ಬರೇ ಕಣ್ಣಿಗಿ ಕಾಣಂಗಿಲ್ಲ. ಕಾಣ್ತದ ಅಂತ ನಾ ಹೇಳಿದ್ದು ತಪ್ಪು.'

ಹಿಂದಿನಿಂದ ಯಾರೋ, 'ಮೇಲ್ ನಿಂತಿತು ನೋಡ್ರಪೋ!' ಎಂದರು. ಇಡೀ ಕಟ್ಟೆ ನಕ್ಕಿತು. ಮಾಣಿಕಪ್ಪನವರು ನಗಲಿಲ್ಲ. 'ಹಂಗಾದ್ರ ಶ್ರೀಶೈಲಕ್ಕ ಯಾವ ಗಾಡಿ ಅಯ್ಯಾರ?' ಎಂದು ಮಾತ್ರ ಕೇಳಿದರು. ಇವರು ಹೆಗಲ ಗಂಟು ಸರಿಮಾಡಿಕೊಂಡು ಕಟ್ಟೆ ಇಳಿಯತೊಡಗಿದರು.

ನಾನು ಗಂಡಸರ ನಡುವೆ ಎಂದೂ ದನಿ ಎತ್ತಿದವಳಲ್ಲ. ಎಲ್ಲಿಂದ ಬಂತೋ ಏನೋ. 'ಆಮ್ಯಾಲ ನಗ್ರಿ! ಮೊದಲ ನಮ್ಮ ಮನಿಗಿ ಬಂದು ನೋಡ್ರಿ! ನೋಡಲಾರದ ನಕ್ಕವರ ಹಲ್ಲು ನಾ ಎಣಸ್ತೀನಿ!' ಎಂದುಬಿಟ್ಟೆ. ಅವರ ಹೆಗಲಿನಿಂದ ಗಂಟು ಕಿತ್ತುಕೊಂಡು ಮುಂದೆ ನಡೆದೆ. ಗಂಟಿನ ಹಿಂದೆ ಅವರು, ಅವರ ಹಿಂದೆ ಊರು.

ಕಾಳಿನ ಕೋಣೆಯಲ್ಲಿ ಗನಿಸಾಬ ಕಾದಿದ್ದ. ಕಿಟಕಿಗೆಲ್ಲ ಗೋಣಿ ಹೊಡೆದು, ನಡುವೆ ದೂರಬೀನನ್ನು ಸರಳಿಗೆ ತನ್ನ ರುಮಾಲಿನಿಂದ ಬಿಗಿದಿದ್ದ. ಬೆಳಕು ಬೀಳಲು ಬಿಳಿ ಅರಿವೆ ಬೇಕೆಂದ. ಮನೆಯಲ್ಲಿದ್ದ ಒಗೆದ ಬಿಳಿ ಧೋತರವೆಂದರೆ ಗಂಟಿನೊಳಗಿನದೇ. ಗಂಟು ಬಿಚ್ಚಿದೆ. ಹೊರಸಿನ ಮಂಚವನ್ನು ಎತ್ತಿ ನಿಲ್ಲಿಸಿ ಅದಕ್ಕೆ ಧೋತರ ಎಳೆದು ಕಟ್ಟಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಬೇಡ ಎನ್ನಲಿಲ್ಲ.

ಗನಿಸಾಬ ದೂರಬೀನು ತಿರುವಿದ. ಧೋತರದ ಮೇಲೆ ಸೂರ್ಯ ಬಂದ! ರೊಟ್ಟಿಯ ಹೆಂಚಿಗಿಂತ ದೊಡ್ಡವನು. ಮೊದಲು ಕಲಸಿದ ಹಾಗಿದ್ದ, ಆಮೇಲೆ ಅಂಚು ಖಡಕ್ಕಾಗಿ ನಿಂತ. ಒಳಗೆ ಕರಿ ಚುಕ್ಕೆ ಕಾಣಿಸಿದವು. ಒಂದಲ್ಲ, ಮೂರು.

ಮಾಣಿಕಪ್ಪನವರು ಬಗ್ಗಿ ನೋಡಿದರು. 'ಇದರಾಗ ನಿಮ್ಮ ಬುಧ ಯಾವನ್ರಿ? ಇಲ್ಲಾ, ದೂರಬೀನಿಗೆ ಧೂಳ ಹತ್ತೇದೋ?'

ಮೂರು ಚುಕ್ಕೆಯ ಮಾತು ಅಖಬಾರದಲ್ಲಿಯೂ ಇರಲಿಲ್ಲ, ಪಂಚಾಂಗದಲ್ಲಿಯೂ ಇರಲಿಲ್ಲ. ಇವರು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಒಲೆಯಿಂದ ಒಂದು ಇದ್ದಿಲು ತಾ ಎಂದರು. ತಂದುಕೊಟ್ಟೆ. ಸೂರ್ಯನ ಸುತ್ತ ಗೆರೆ ಎಳೆದು, ಮೂರು ಚುಕ್ಕೆಗೂ ಗುರುತು ಹಾಕಿದರು.

'ಗ್ರಹ ಇದ್ರ ನಡೀತದ. ನಡೀಲಾರದ್ದು ಗ್ರಹ ಅಲ್ಲ. ಒಂದು ತಾಸು ಕಾಯ್ರಿ' ಎಂದರು.

ಆ ಒಂದು ತಾಸಿನಷ್ಟು ಉದ್ದದ ತಾಸನ್ನು ನಾನು ಹೆರಿಗೆಯಲ್ಲಿಯೂ ಕಂಡಿರಲಿಲ್ಲ. ಜನ ಅಂಗಳದಲ್ಲಿ ಕುಳಿತರು, ಎಲೆ ಅಡಿಕೆ ಹಾಕಿದರು, ಉಪವಾಸದವರು ಅವರನ್ನು ಬೈದರು. ಸೂರ್ಯ ಏರಿದಂತೆ ಗನಿಸಾಬ ದೂರಬೀನು ಸರಿಸುತ್ತಲೇ ಇದ್ದ. ತಾಸಾದ ಮೇಲೆ ಅವನು ಬಿಂಬವನ್ನು ಸರಿಯಾಗಿ ಇದ್ದಿಲಿನ ಗೆರೆಯೊಳಗೆ ಕೂಡ್ರಿಸಿದ. ಮಸುಕು ಚುಕ್ಕೆ ಎರಡು, ಸೂರ್ಯನ ಮೈಮೇಲಿನ ಕಲೆಗಳೇ ಇರಬೇಕು, ತಮ್ಮ ಗುರುತಿನ ಮೇಲೇ ಕುಳಿತವು. ಮೂರನೆಯದು, ಸಾಸಿವೆಯಷ್ಟು, ಗುಂಡಗೆ, ಕಡುಕಪ್ಪು, ತನ್ನ ಗುರುತು ಬಿಟ್ಟು ಮೂರು ಬೆರಳು ಮುಂದೆ ಹೋಗಿತ್ತು.

'ಹೊಂಟಾನ! ಎಪ್ಪಾ, ಹೊಂಟಾನ!' ಎಂದು ಕೂಗಿದವಳು ನಾನೇ.

ಆಮೇಲೆ ಕೇಳಬೇಡಿ. ಹತ್ತು ಹತ್ತು ಮಂದಿ ಒಳಗೆ ಬಂದು ನೋಡಿದರು. ಮುದುಕಿಯರು ಧೋತರಕ್ಕೆ ಕೈ ಮುಗಿದರು. ಬಾಬುಮಿಯಾ ನಾಲ್ಕು ಸಲ ಬಂದ. ಮಾಣಿಕಪ್ಪನವರು ಎಲ್ಲರೂ ನೋಡಿದ ಮೇಲೆ ಮತ್ತೊಮ್ಮೆ ನೋಡಿ, ಇವರ ಕಡೆ ತಿರುಗಿದರು. 'ಆತು, ತೋರಿಸಿದ್ರಿ. ಇನ್ನ ಇದರ ಫಲ ಏನ್ರಿ ಅಯ್ಯಾರ? ನಮಗ ಒಳ್ಳೇದೋ, ಕೆಟ್ಟದ್ದೋ?'

ಎಲ್ಲರೂ ಹತ್ತಿರ ಸರಿದು ನಿಂತರು. ಕೇಳಲು ಬಂದದ್ದೇ ಅದನ್ನಲ್ಲವೇ? ಹನ್ನೆರಡು ರಾಶಿಯ ಫಲ ಇವರಿಗೆ ಬಾಯಿಪಾಠವಿತ್ತು, ನನಗೂ ಬರುತ್ತಿತ್ತು. ಮಿಥುನಕ್ಕೆ ವ್ಯಾಪಾರ ಕಷ್ಟ ಎಂದು ಶುರು ಮಾಡಿದ್ದರೆ ಸಾಕಿತ್ತು, ಹೋದ ಮಾನವೆಲ್ಲ ಆ ಗಳಿಗೆಗೆ ಮರಳಿ ಬರುತ್ತಿತ್ತು. ಇವರು ಧೋತರದ ಮೇಲಿನ ಆ ಚುಕ್ಕೆಯನ್ನೇ ನೋಡುತ್ತ ನಿಂತರು.

'ಗೊತ್ತಿಲ್ಲ' ಎಂದರು.

'ಏನಂದ್ರಿ?'

'ಗೊತ್ತಿಲ್ರಿ ಮಾಣಿಕಪ್ಪನೋರೆ. ಇಷ್ಟು ಸಣ್ಣಾಂವ, ಅಷ್ಟು ದೊಡ್ಡ ಸೂರ್ಯನ ಮುಂದ ಒಬ್ಬನೇ ಹೊಂಟಾನ. ಅವಂಗ ನಮ್ಮ ಹಂದರದ ಚಿಂತಿ ಇರ್ತದೋ ಇಲ್ಲೋ, ನನಗ ಗೊತ್ತಿಲ್ಲ. ವೈಶಾಖದಾಗೂ ಗೊತ್ತಿರಲಿಲ್ಲ. ಗೊತ್ತದ ಅಂತ ಹೇಳಿದೆ. ನಿಮ್ಮ ಮಗಳ ಅಕ್ಷತಿ ಗಾಳಿಗಿ ಹೋತು. ತಪ್ಪಾತು.'

ನಾನು ಸೆರಗು ಬಾಯಿಗೆ ಹಿಡಿದೆ. ಇನ್ನು ಯಾರು ಈ ಮನೆಗೆ ಮುಹೂರ್ತ ಕೇಳಲು ಬರುತ್ತಾರೆ ಎಂದು ಹೆದರಿದೆ. ಅದೇ ಹೊತ್ತಿಗೆ, ಇವರು ನನ್ನ ಗಂಡ ಎಂದು ಆ ಮಂದಿಯ ನಡುವೆ ನಿಂತು ಕೂಗಿ ಹೇಳಬೇಕು ಅನ್ನಿಸಿತು.

ಮಾಣಿಕಪ್ಪನವರು ಭಾಳ ಹೊತ್ತು ಮೀಸೆ ತಿರುವಿದರು. 'ಆರು ತಿಂಗಳಾತು ಅಯ್ಯಾರ, ನಾ ಈ ಒಂದು ಮಾತಿಗೆ ಕಾಯಾಕತ್ತಿದ್ದೆ. ಮಂದಿ ಎಲ್ಲಾ ಗಾಳಿಗೆ ಬೈದ್ರು, ಗ್ರಹಕ್ಕ ಬೈದ್ರು. ತಪ್ಪು ನಂದು ಅಂತ ನೀವೊಬ್ಬರು ಅನ್ನಲಿಲ್ಲ' ಎಂದರು. ಬಾಗಿಲು ದಾಟಿ ಹೋಗಿ, ಮತ್ತೆ ತಿರುಗಿ, 'ಸಂಜೀಕ ಕಟ್ಟೀಗಿ ಬರ್ರಿ. ತಿಥಿ ಓದವರಿಲ್ಲದ ಕಟ್ಟಿ ಭಣಭಣ ಅಂತದ. ಶ್ರೀಶೈಲಕ್ಕ ಶಿವರಾತ್ರಿಗಿ ಎಲ್ಲಾರೂ ಕೂಡೇ ಹೋಗೂಣ' ಎಂದರು.

ಹನ್ನೊಂದಕ್ಕೆ ಸೂರ್ಯ ಕಿಟಕಿ ಬಿಟ್ಟು ಮಾಳಿಗೆ ಏರಿದ. ಮಂದಿ ಕರಗಿತು. ಗನಿಸಾಬ ದೂರಬೀನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಇವರ ಮುಂದೆ ನಿಂತು, ತಾನೇ ಮೊದಲು ಕೈ ಎತ್ತಿ, 'ಶರಣ್ರಿ ಅಯ್ಯಾರ' ಎಂದ. ಇವರು ಅವನ ಎರಡೂ ಕೈ ಹಿಡಿದುಕೊಂಡರು.

೧೩ ನವೆಂಬರ್, ರವಿವಾರ

ನಮ್ಮವರು ಮೂರು ದಿನದಿಂದ ಬೆಳಿಗ್ಗೆಯೇ ಜೋಳಿಗೆ ಹಾಕಿಕೊಂಡು ಹೋಗುತ್ತಾರೆ. ತಿಥಿ, ವಾರ, ನಕ್ಷತ್ರ ಹೇಳುತ್ತಾರೆ. ಫಲ ಕೇಳಿದರೆ ಕೆಲವು ಸಲ ಹೇಳುತ್ತಾರೆ, ಕೆಲವು ಸಲ 'ಇದು ನನಗ ತಿಳೀವಲ್ದು' ಎನ್ನುತ್ತಾರೆ. ಅದನ್ನು ಕೇಳಿ ಎರಡು ಮನೆಯವರು ಚಿತ್ತಾಪುರದ ಅಯ್ಯನ ಹತ್ತಿರ ಹೋದರಂತೆ. ಹೋಗಲಿ. ಇವತ್ತು ಸೇಡಂನಿಂದ ಯಾರೋ ಕರೆದಿದ್ದಾರೆಂದು ಗಾಡಿ ಹತ್ತಿ ಹೋದವರು ಇನ್ನೂ ಬಂದಿಲ್ಲ. ದೀಪ ಹಚ್ಚುವ ಹೊತ್ತಾಯಿತು, ಸಾರು ಎರಡು ಸಲ ಬಿಸಿ ಮಾಡಿದೆ. ಹೊತ್ತಿಗೆ ಬರಬೇಕೆಂಬ ಎಚ್ಚರ ಒಂದಿಷ್ಟಾದರೂ ಬೇಡವೇ ಮನುಷ್ಯನಿಗೆ? ಬರಲಿ, ಮಾಡುತ್ತೇನೆ.

ಇರುವುದು ಎರಡೇ ಧೋತರ. ಹೋಗುವಾಗ, 'ಆ ಇನ್ನೊಂದನ್ನ ಒಗದಿಯೇನು?' ಎಂದು ಕೇಳಿದರು. ಮೂರು ಸಲ ಒಗೆದೆ, ಇದ್ದಿಲಿನ ಗುರುತು ಹೋಗವಲ್ದು ಎಂದೆ. ಒಂದು ಸಲವೂ ನೀರಿಗೆ ಹಾಕಿಲ್ಲ.